ಸಕ್ಕರೆ ಕಾಯಿಲೆ ಇದ್ದು ನೋಟ ಚೆನ್ನಾಗಿದ್ದರೂ ಕಣ್ಣು ತೋರಿಸಬೇಕೇ?

ನಿಮಗೆ 46 ವರ್ಷ, ಸಕ್ಕರೆ ಕಾಯಿಲೆ ಬಂದು ಐದು ವರ್ಷವಾಗಿದೆ, ನೋಟ ಇನ್ನೂ ಸ್ವಚ್ಛವಾಗಿದೆ; ಅದನ್ನು ಹೀಗೆಯೇ ಉಳಿಸಿಕೊಳ್ಳಲು ಗಜ್ಜರಿ ತಿನ್ನುವುದು, ಕಣ್ಣಿನ ವ್ಯಾಯಾಮ ಮಾಡುವುದು ಸಾಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. 2009ರಲ್ಲಿ ನನಗೆ ಈ ಕಾಯಿಲೆ ಪತ್ತೆಯಾಯಿತು. ಹತ್ತು ವರ್ಷಗಳ ನಂತರ ಬಲಗಣ್ಣಿನ ನೋಟವನ್ನು ಬಹುಪಾಲು ಕಳೆದುಕೊಂಡ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹತ್ತೂ ವರ್ಷ ನಾನು ಕಣ್ಣು ತೋರಿಸಿಕೊಳ್ಳುತ್ತಲೇ ಇದ್ದೇನೆ ಎಂದು ನಂಬಿದ್ದೆ. ಎರಡು ವರ್ಷಕ್ಕೊಮ್ಮೆ ಚಾಳೀಸಿನ ಅಂಗಡಿಗೆ ಹೋಗಿ, ಯಂತ್ರದ ಮುಂದೆ ಗದ್ದವಿಟ್ಟು, ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿ, ಹೊಸ ನಂಬರಿನ ಗಾಜು ಹಾಕಿಸಿಕೊಂಡು ಬರುತ್ತಿದ್ದೆ. ಅಲ್ಲಿ ಅಳೆಯುವುದು ಗಾಜಿನ ನಂಬರನ್ನು; ಸಕ್ಕರೆ ಕಾಯಿಲೆ ಕೆಡಿಸುವುದು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು. ಇವೆರಡೂ ಬೇರೆ ಬೇರೆ ಎಂದು ನನಗೆ ತಿಳಿದಿರಲಿಲ್ಲ, ನಾನು ಕೇಳಲೂ ಇಲ್ಲ. 2019ರಲ್ಲಿ ಭತ್ತದ ಸುಗ್ಗಿ ನಡೆದಿದ್ದಾಗ ಒಂದು ಮುಂಜಾನೆ ಕಿರ್ದಿ ಬರೆಯುತ್ತಿದ್ದೆ. ಹಾಳೆಯ ಮೇಲೆ ಕೂದಲಿನಂಥ ಕಪ್ಪು ಎಳೆ ಕಂಡಿತು. ಬೆರಳಿನಿಂದ ಒರೆಸಿದೆ, ಹೋಗಲಿಲ್ಲ; ಹಾಳೆ ತಿರುವಿದರೆ ಅಲ್ಲಿಯೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಬಲಗಣ್ಣಿನ ಮುಂದೆ ಹೊಗೆ ಕವಿದಂತಾಗಿತ್ತು. ನೋವಿರಲಿಲ್ಲ, ಕಣ್ಣು ಕೆಂಪಾಗಿರಲೂ ಇಲ್ಲ.

ಆಗಿದ್ದು ಇಷ್ಟು. ರಕ್ತದಲ್ಲಿ ಸಕ್ಕರೆ ವರ್ಷಾನುಗಟ್ಟಲೆ ಹೆಚ್ಚಾಗಿದ್ದರೆ ಅಕ್ಷಿಪಟಲದ ಕೂದಲೆಳೆಯಂಥ ರಕ್ತನಾಳಗಳ ಗೋಡೆ ಸಡಿಲಾಗಿ, ಅಲ್ಲಲ್ಲಿ ಸಣ್ಣ ಗುಳ್ಳೆಗಳೆದ್ದು, ನೀರು ಮತ್ತು ಕೊಬ್ಬಿನ ಅಂಶ ಜಿನುಗುತ್ತದೆ. ಈ ಜಿನುಗು ಅಕ್ಷಿಪಟಲದ ನಡುಭಾಗಕ್ಕೆ ತಲುಪಿದರೆ ಓದುವ ನೋಟ ಮಂಜಾಗುತ್ತದೆ. ಕೆಲವು ನಾಳಗಳು ಮುಚ್ಚಿಹೋದಾಗ ರಕ್ತ ಸಾಲದ ಅಕ್ಷಿಪಟಲ ಹೊಸ ನಾಳಗಳನ್ನು ಚಿಗುರಿಸುತ್ತದೆ. ಅವು ಎಷ್ಟು ದುರ್ಬಲವೆಂದರೆ ತಾವಾಗಿಯೇ ಒಡೆದು ಕಣ್ಣಿನೊಳಗೆ ರಕ್ತ ಸುರಿಸುತ್ತವೆ. ನಾನು ಹಾಳೆಯ ಮೇಲೆ ಒರೆಸಲು ಹೋದದ್ದು ಆ ರಕ್ತದ ಎಳೆಯನ್ನು. ಡಯಾಬಿಟಿಕ್ ರೆಟಿನೋಪತಿ ಎಂದು ಕರೆಯುವ ಈ ರೋಗದಲ್ಲಿ ಬಹಳ ಕಾಲದವರೆಗೆ ನೋಟಕ್ಕೆ ಏನೂ ಆಗಿರುವುದಿಲ್ಲ. ಆದ್ದರಿಂದ ‘ನನಗೆ ಸ್ವಚ್ಛವಾಗಿ ಕಾಣುತ್ತದೆ’ ಎಂಬ ನಿಮ್ಮ ಮಾತಿನಿಂದ ಅಕ್ಷಿಪಟಲದ ಸ್ಥಿತಿ ತಿಳಿಯುವುದಿಲ್ಲ.

ತಿಳಿಯಬೇಕಾದರೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ಒಳಗೆ ನೋಡಬೇಕು. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಇದು ರೋಗ ಪತ್ತೆಯಾದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಆಗಬೇಕು. ಏಕೆಂದರೆ ಈ ಕಾಯಿಲೆ ಪತ್ತೆಯಾಗುವುದಕ್ಕೆ ಕೆಲವು ವರ್ಷ ಮೊದಲೇ ದೇಹದಲ್ಲಿ ಸೇರಿಕೊಂಡಿರುತ್ತದೆ. ನೀವು ಐದು ವರ್ಷದಲ್ಲಿ ಒಮ್ಮೆಯೂ ಮಾಡಿಸಿಲ್ಲವಾದರೆ ಈ ವಾರವೇ ಹೋಗಿರಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿನ ನೇತ್ರ ವಿಭಾಗದಲ್ಲಿ ‘ನನಗೆ ಶುಗರ್ ಇದೆ, ಹನಿ ಹಾಕಿ ರೆಟಿನಾ ನೋಡಿರಿ’ ಎಂದು ಬಾಯಿಬಿಟ್ಟು ಹೇಳಿರಿ. ಸುಮ್ಮನೆ ‘ಕಣ್ಣು ತೋರಿಸಬೇಕು’ ಎಂದರೆ ನಂಬರು ನೋಡಿ ಕಳಿಸಿಬಿಡಬಹುದು. ಹನಿ ಹಾಕಿದ ಮೇಲೆ ಅರ್ಧ ತಾಸು ಕಾಯಬೇಕಾಗುತ್ತದೆ, ನಂತರ ನಾಲ್ಕಾರು ತಾಸು ಬೆಳಕು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಬೈಕಿನಲ್ಲಿ ಒಬ್ಬರೇ ಹೋಗಬೇಡಿರಿ. ನಾನು ಮೊದಲ ಸಲ ರಾಯಚೂರಿಗೆ ಹೋದದ್ದು ಏಪ್ರಿಲ್ ತಿಂಗಳಿನಲ್ಲಿ. ಆಸ್ಪತ್ರೆಯಿಂದ ಹೊರಗೆ ಕಾಲಿಟ್ಟರೆ ರಸ್ತೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ. ಬಸ್ ನಿಲ್ದಾಣದಲ್ಲಿ ಬೋರ್ಡು ಓದಲಾಗದೆ ನಿಂತಿದ್ದಾಗ ಮನೆಯವಳು ಕೈಹಿಡಿದು, ‘ಸಿಂಧನೂರು ಬಸ್ಸ ಐತ್ರೀ, ಹತ್ರೀ’ ಎಂದು ಹತ್ತಿಸಿದಳು. ತಂಪು ಕನ್ನಡಕ ಒಯ್ಯಿರಿ, ಜೊತೆಗೊಬ್ಬರನ್ನೂ ಕರೆದೊಯ್ಯಿರಿ ಎಂದು ಹೇಳುವುದು ಇದಕ್ಕೇ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಹೆಚ್ಚಿನವರಲ್ಲಿ ಶೇ. 7ರ ಆಸುಪಾಸಿನಲ್ಲಿರಬೇಕು ಎನ್ನುತ್ತಾರೆ. ನಿಮಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರು ಹೇಳಬೇಕು. ನಮ್ಮ ಕಾಲುವೆ ಸೀಮೆಯಲ್ಲಿ ಮೂರು ಹೊತ್ತೂ ಅನ್ನ ಉಣ್ಣುವವರು ಒಂದು ಕಡೆ, ಜೋಳದ ರೊಟ್ಟಿಗೆ ಸಕ್ಕರೆ ಏರುವುದೇ ಇಲ್ಲವೆಂದು ನಾಲ್ಕೈದು ರೊಟ್ಟಿ ತಿನ್ನುವವರು ಇನ್ನೊಂದು ಕಡೆ. ಸಕ್ಕರೆ ಅಳೆಯುವ ಗ್ಲುಕೋಮೀಟರು ಇಬ್ಬರನ್ನೂ ಹಿಡಿದುಕೊಡುತ್ತದೆ. ನಾನು ಎರಡನೆಯ ಗುಂಪಿನವನು. ಸಕ್ಕರೆಯಷ್ಟೇ ಗಮನ ಬೇಡುವುದು ರಕ್ತದೊತ್ತಡ. ಬ್ರಿಟನ್ನಿನಲ್ಲಿ ಟೈಪ್ 2 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಯುಕೆಪಿಡಿಎಸ್ ಅಧ್ಯಯನದಲ್ಲಿ, ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದವರಲ್ಲಿ ಅಕ್ಷಿಪಟಲದ ರೋಗ ಉಲ್ಬಣಿಸುವ ಸಂಭವ ಶೇ. 34ರಷ್ಟು ಕಡಿಮೆಯಿತ್ತು. ಶುಗರ್ ಮಾತ್ರೆ ತಪ್ಪದೆ ನುಂಗುವ ಎಷ್ಟೋ ಜನ ಬಿಪಿ ಮಾತ್ರೆಯನ್ನು ‘ತಲೆ ತಿರುಗಿದಾಗ ಸಾಕು’ ಎಂದು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ಬೀಡಿ, ಸಿಗರೇಟು ಇದ್ದರೆ ಅವನ್ನು ಬಿಡಲೇಬೇಕು.

ಹೆಚ್ಚು ಜನರಿಗೆ ತಿಳಿಯದ ಒಂದು ವಿಷಯವಿದೆ. ಬಹುಕಾಲ ಏರಿಯೇ ಇದ್ದ ಸಕ್ಕರೆಯನ್ನು ಇನ್ಸುಲಿನ್‌ನಿಂದಲೋ ಹೊಸ ಔಷಧಿಯಿಂದಲೋ ಒಮ್ಮೆಲೇ ಇಳಿಸಿದಾಗ, ಮೊದಲೇ ಹಾಳಾಗಿದ್ದ ಅಕ್ಷಿಪಟಲ ಕೆಲವು ತಿಂಗಳು ಇನ್ನಷ್ಟು ಕೆಡಬಹುದು. ಹಾಗೆಂದು ಔಷಧಿ ಬಿಡಬಾರದು. ಶುರುಮಾಡುವ ಮುನ್ನ ಕಣ್ಣು ತೋರಿಸಿಕೊಳ್ಳಬೇಕು. ಹಾಗೆಯೇ ಸಕ್ಕರೆ ಏರಿಳಿದಂತೆ ಕಣ್ಣಿನ ಮಸೂರವೂ ಉಬ್ಬಿ ಇಳಿದು ನಂಬರು ಬದಲಾಗುವುದರಿಂದ, ಸಕ್ಕರೆ ಕೆಲವು ವಾರ ಹತೋಟಿಯಲ್ಲಿದ್ದ ಮೇಲೆಯೇ ಹೊಸ ಚಾಳೀಸು ಮಾಡಿಸಿರಿ. ನಾನು ಇದನ್ನರಿಯದೆ ಎರಡು ಜೊತೆ ಗಾಜಿನ ಹಣ ಕಳೆದಿದ್ದೇನೆ.

ಗಜ್ಜರಿ ಒಳ್ಳೆಯ ತರಕಾರಿ, ಆದರೆ ಅದು ನೀಗಿಸುವುದು ಎ ಜೀವಸತ್ವದ ಕೊರತೆಯನ್ನು. ಸಕ್ಕರೆಯಿಂದ ಕೆಟ್ಟ ನಾಳಗಳನ್ನು ಅದೂ ಸರಿಪಡಿಸುವುದಿಲ್ಲ, ವ್ಯಾಯಾಮವೂ ಸರಿಪಡಿಸುವುದಿಲ್ಲ. ಜೇನುತುಪ್ಪ, ಸೊಪ್ಪಿನ ರಸ ಎಂದು ಯಾರು ಹೇಳಿದರೂ ಕಣ್ಣಿಗೆ ಬಿಡಬೇಡಿರಿ.

ಪರೀಕ್ಷೆಯಲ್ಲಿ ರೋಗ ಕಂಡರೂ ಎದೆಗುಂದಬೇಕಿಲ್ಲ. ಆರಂಭದ ಹಂತದಲ್ಲಿ ಬಹುತೇಕ ಸಕ್ಕರೆ, ರಕ್ತದೊತ್ತಡಗಳ ಹತೋಟಿಯೇ ಚಿಕಿತ್ಸೆ. ಮುಂದುವರಿದಿದ್ದರೆ ಲೇಸರ್, ಇಲ್ಲವೇ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್. ಕಣ್ಣಿಗೆ ಸೂಜಿ ಎಂದಾಗ ನನಗೂ ಕೈ ನಡುಗಿತ್ತು. ಮರಗಟ್ಟಿಸುವ ಹನಿ ಹಾಕಿರುತ್ತಾರೆ, ಕ್ಷಣಮಾತ್ರದ ಒತ್ತಡ, ಮುಗಿಯಿತು. ಆದರೆ ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮೊದಮೊದಲು ತಿಂಗಳಿಗೊಮ್ಮೆ ಹೋಗಬೇಕು. ಇವೆಲ್ಲ ಹೆಚ್ಚಾಗಿ ಇದ್ದ ನೋಟವನ್ನು ಉಳಿಸುತ್ತವೆ. ಹೋದದ್ದು ಪೂರ್ತಿ ಮರಳುವುದು ವಿರಳ. ಶಸ್ತ್ರಚಿಕಿತ್ಸೆಯಿಂದ ನನ್ನ ಬಲಗಣ್ಣಿನ ರಕ್ತ ತೆಗೆದರು, ಈಗ ಅದರಿಂದ ದೊಡ್ಡ ಅಕ್ಷರ ಮಾತ್ರ ಕಾಣುತ್ತದೆ. ಎಡಗಣ್ಣಿಗೆ ಸಮಯಕ್ಕೆ ಲೇಸರ್ ಆದದ್ದರಿಂದ ಇಂದಿಗೂ ಕಿರ್ದಿ ಬರೆಯುತ್ತಿದ್ದೇನೆ.

ವರ್ಷದ ಪರೀಕ್ಷೆಗಳ ನಡುವೆ ಒಂದು ಕೆಲಸ ಮಾಡಬಹುದು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟದ್ದರ ಕೊರತೆಯನ್ನು ಮುಚ್ಚಿಹಾಕುವುದರಿಂದ, ವಾರಕ್ಕೊಮ್ಮೆ ಚಾಳೀಸು ಹಾಕಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ಓದುವ ದೂರದಿಂದ ನೋಡಿರಿ. ಆಮೇಲೆ ಇನ್ನೊಂದು ಕಣ್ಣಿನಿಂದ. ಗೆರೆ ಹೊಸದಾಗಿ ಬಾಗಿ ಕಂಡರೆ, ಯಾವುದಾದರೂ ಚೌಕ ಮಾಸಿ ಕಂಡರೆ, ಕಪ್ಪು ಎಳೆಗಳೋ ಮಿಂಚಿನಂಥ ಬೆಳಕೋ ಪರದೆಯೋ ದಿಢೀರನೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಾನು ಪ್ರತಿ ಸೋಮವಾರ ಅಡುಗೆಮನೆಯ ಬಾಗಿಲ ಪಕ್ಕದ ಕ್ಯಾಲೆಂಡರಿನ ಮುಂದೆ ನಿಲ್ಲುತ್ತೇನೆ. ಬಲಗಣ್ಣಿಗೆ ನಡುವಿನ ಎರಡು ಚೌಕಗಳ ಗೆರೆ ಈಗಲೂ ತುಸು ಸೊಟ್ಟ, ಎಡಗಣ್ಣಿಗೆ ನೆಟ್ಟಗಿದೆ.