ಓದುಗರ ಪ್ರಶ್ನೆಗೆ ಉತ್ತರ: ಯಾವ ಕೆಲಸಕ್ಕೆ ಯಾವ ಏಣಿ?

ಮನೆ ಕಟ್ಟೋ ಕೆಲಸದ ಸಾಮಾನಿನ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ವಿ. ಸಿಮೆಂಟು, ಕಂಬಿ, ವಾಟರ್‌ಪ್ರೂಫಿಂಗ್ ಬಗ್ಗೆ ಬರುತ್ತೆ ಅನ್ಕೊಂಡ್ರೆ ಈ ಸಲ ಬಂದಿದ್ರಲ್ಲಿ ಜಾಸ್ತಿ ಏಣಿದೇ ಪ್ರಶ್ನೆ. ಒಳ್ಳೇದೇ ಆಯ್ತು, ಡ್ರಿಲ್ ಮಷೀನ್ ತಗೊಳ್ಳೋಕೆ ನಾಲ್ಕು ಅಂಗಡಿ ಸುತ್ತೋರು ಏಣಿ ಮಾತ್ರ ಸಿಕ್ಕಿದ್ದನ್ನ ಎತ್ಕೊಂಡ್ ಬರ್ತಾರೆ. ಆರು ಪ್ರಶ್ನೆ ಆರಿಸ್ಕೊಂಡಿದೀವಿ, ಹೆಸರು ಬೇಡ ಅಂತ ಸುಮಾರು ಜನ ಬರೆದಿದ್ರಿಂದ ಊರು ಮಾತ್ರ ಹಾಕಿದೀವಿ.

ಪ್ರಶ್ನೆ: ಸಾರ್, ಹಾಸನದಲ್ಲಿ ಪೇಂಟಿಂಗ್ ಕಾಂಟ್ರಾಕ್ಟ್ ಮಾಡ್ತೀನಿ, ಜೊತೆಗೆ ಇಬ್ರು ಹುಡುಗ್ರಿದಾರೆ. ಇಷ್ಟು ದಿನ ಬಾಡಿಗೆ ಏಣೀಲೇ ನಡೀತಿತ್ತು, ಈಗ ಸ್ವಂತದ್ದೊಂದು ತಗೋಬೇಕು. ಒಳಗೆ ಸೀಲಿಂಗೂ ಆಗ್ಬೇಕು, ಹೊರಗೆ ಎರಡು ಫ್ಲೋರಿನ ಗೋಡೆನೂ ಆಗ್ಬೇಕು. ಎಲ್ಲದಕ್ಕೂ ಆಗೋ ಥರ ಒಂದೇ ಏಣಿ ಹೇಳಿ.

ಉತ್ತರ: ಒಂದೇ ಏಣೀಲಿ ಎರಡೂ ಆಗಲ್ಲ ಸ್ವಾಮಿ, ಆಗುತ್ತೆ ಅಂತ ಅಂಗಡಿಯವನು ಹೇಳಿದ್ರೂ ನಂಬ್ಬೇಡಿ. ಒಳಗಿನ ಕೆಲಸಕ್ಕೆ ಎರಡೂ ಕಡೆ ಕಾಲಿರೋ ಎ ಟೈಪ್ ಏಣಿ ಬೇಕು, ಗೋಡೆಗೆ ಒರಗಿಸೋದಲ್ಲ. ಎತ್ತರ ಹೇಗೆ ಲೆಕ್ಕ ಹಾಕೋದು ಅಂದ್ರೆ, ಎ ಟೈಪಲ್ಲಿ ತುದೀಲಿರೋ ಪ್ಲೇಟು ಮತ್ತೆ ಅದರ ಕೆಳಗಿನ ಮೆಟ್ಲು ಎರಡೂ ನಿಲ್ಲೋಕಲ್ಲ, ಹಂಗಾಗಿ 6 ಅಡಿ ಏಣಿ ತಂದ್ರೆ ನಿಮ್ಮ ಕಾಲು ನಿಲ್ಲೋದು ಸುಮಾರು 4 ಅಡೀಲಿ, ಅಲ್ಲಿಂದ ಕೈ ಎತ್ತಿದ್ರೆ ಐದೂವರೆ ಅಡಿ ಆಳಿಗೆ 10 ಅಡಿ ಸೀಲಿಂಗು ಆರಾಮಾಗಿ ಸಿಗುತ್ತೆ. ದುಡ್ಡು ಉಳೀತು ಅಂತ 5 ಅಡೀದು ತಂದ್ರಿ ಅಂದ್ಕೊಳ್ಳಿ, ಹುಡುಗ್ರು ಕೈ ಎಟುಕಲ್ಲ ಅಂತ ತುದಿ ಪ್ಲೇಟಿನ ಮೇಲೇ ನಿಲ್ತಾರೆ, ನೀವು ಬೈದ್ರೂ ನಿಲ್ತಾರೆ, ಯಾಕಂದ್ರೆ ಕೆಲಸ ಮುಗೀಬೇಕಲ್ಲ. 12 ಅಡಿ ಸೀಲಿಂಗಿನ ಹಳೇ ಮನೆ ಜಾಸ್ತಿ ಹಿಡಿಯೋರಾದ್ರೆ 8 ಅಡೀದೇ ತಗೊಳ್ಳಿ.

ಇನ್ನು ಭಾರ. ಏಣಿ ಪಕ್ಕದ ಸ್ಟಿಕರಲ್ಲಿ ಎಷ್ಟು ಕೆಜಿ ಅಂತ ಬರೆದಿರ್ತಾರೆ, ಅದು ಬರೀ ಮನುಷ್ಯನ ತೂಕ ಅಲ್ಲ, ಮನುಷ್ಯ, ಬಕೆಟ್ಟು, ಕೈಲಿರೋ ಸಾಮಾನು ಎಲ್ಲಾ ಸೇರಿ. 20 ಲೀಟರಿನ ಎಮಲ್ಷನ್ ಬಕೆಟ್ ತುಂಬಿದ್ರೆ 25 ಕೆಜಿ ದಾಟುತ್ತೆ. 80 ಕೆಜಿ ಆಳು ಅದನ್ನ ಹಿಡ್ಕೊಂಡು 100 ಕೆಜಿ ಸ್ಟಿಕರಿನ ಏಣಿ ಹತ್ತಿದ್ರೆ ಮೊದಲನೇ ಮೆಟ್ಲಲ್ಲೇ ಲೆಕ್ಕ ತಪ್ಪಿರುತ್ತೆ. 150 ಕೆಜಿದು ನೋಡಿ. ಇಎನ್ 131 ಅಂತ ಯುರೋಪಿನ ಸ್ಟಾಂಡರ್ಡ್ ನಂಬರ್ ಹಾಕಿರೋ ಏಣಿ ಇಲ್ಲೂ ಸಿಗುತ್ತೆ, ಅದರಲ್ಲೊಂದು ಸೂಕ್ಷ್ಮ ಇದೆ. ಪ್ರೊಫೆಷನಲ್, ನಾನ್ ಪ್ರೊಫೆಷನಲ್ ಅಂತ ಎರಡು ಕ್ಲಾಸು, ಎರಡಕ್ಕೂ 150 ಕೆಜಿ ಅಂತಲೇ ಬರೆದಿರುತ್ತೆ, ಹಂಗಾದ್ರೆ ವ್ಯತ್ಯಾಸ ಏನು ಅಂದ್ರೆ ಬಾಳಿಕೆ ಟೆಸ್ಟು: ಪ್ರೊಫೆಷನಲ್ ಏಣಿ ಮೇಲೆ 50,000 ಸಲ ಭಾರ ಹಾಕಿ ತೆಗೆದು ನೋಡ್ತಾರೆ, ಇನ್ನೊಂದಕ್ಕೆ 10,000 ಸಲ. ಮನೇಲಿ ಅಟ್ಟದಿಂದ ಪಾತ್ರೆ ಇಳಿಸೋರಿಗೆ ಎರಡನೇದು ಸಾಕು, ದಿನಾ ಹತ್ತಿಳಿಯೋ ನಿಮಗೆ ಸಾಲಲ್ಲ.

ಅಂಗಡೀಲೇ ಬಿಚ್ಚಿ ನಿಲ್ಸಿ, ಎರಡನೇ ಮೆಟ್ಲ ಮೇಲೆ ನಿಂತು ಸೊಂಟ ಆ ಕಡೆ ಈ ಕಡೆ ತಿರುಗಿಸಿ ನೋಡಿ. ಏಣಿ ಕಂಬ ತಿರುಚಿದಂಗೆ ಆಡ್ತಾ ಇದ್ರೆ ಬಿಡಿ. ಮಧ್ಯದ ಲಾಕ್ ಪಟ್ಟಿ ಪೂರ್ತಿ ಕೂತ್ಕೊಳ್ಳುತ್ತಾ, ಮೆಟ್ಲು ಸೇರೋ ಕಡೆ ರಿವೆಟ್ ಗಟ್ಟಿ ಇದೆಯಾ, ನಾಲ್ಕು ಕಾಲಿಗೂ ರಬ್ಬರ್ ಬೂಟು ಇದೆಯಾ. ಅಂಗಡಿಯವನು ಮುಖ ಸಿಂಡರಿಸ್ಕೊಂಡ್ರೆ ಸಿಂಡರಿಸ್ಕೊಳ್ಲಿ.

ಹೊರಗಿನ ಗೋಡೆಗೆ ಮಾತ್ರ ನಾನು ಏಣೀನೇ ಬೇಡ ಅಂತೀನಿ. ಒಂದು ಕೈಲಿ ರೋಲರು, ಇನ್ನೊಂದು ಕೈಲಿ ಡಬ್ಬ, ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರ್ತೀರಾ? ಇಳಿದು ಏಣಿ ಸರಿಸೋ ಬದ್ಲು ಇನ್ನೊಂದ್ ಅಡಿ, ಇನ್ನೊಂದ್ ಅಡಿ ಅಂತ ಪಕ್ಕಕ್ಕೆ ಬಾಗ್ತಾರಲ್ಲ, ಅಲ್ಲೇ ಬೀಳೋದು. ಬೆಲ್ಟಿನ ಬಕಲ್ಲು ಏಣಿಯ ಎರಡು ಕಂಬದ ಮಧ್ಯನೇ ಇರ್ಬೇಕು, ಹೊರಗೆ ಹೋಯ್ತು ಅಂದ್ರೆ ಇಳೀಬೇಕು. ಬ್ರಿಟನ್ನಿನ ಸುರಕ್ಷತೆ ಇಲಾಖೆ ಎಚ್‌ಎಸ್‌ಇ, ಒಂದೇ ಜಾಗದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಕೆಲಸ ಇದ್ರೆ ಏಣಿ ಬಿಟ್ಟು ಬೇರೇದು ಯೋಚ್ನೆ ಮಾಡಿ ಅನ್ನುತ್ತೆ, ಪೇಂಟಿಂಗ್ ಅಂದ್ರೆ ದಿನಗಟ್ಲೆ. ಪೈಪಿನ ಸಾರ್ವೆ ಬಾಡಿಗೆಗೆ ತಗೊಳ್ಳಿ, ನೆಲ ಸಮ ಇದ್ರೆ ಚಕ್ರದ ಟವರ್ ಆದ್ರೂ ಸರಿ (ಮೇಲೆ ಆಳಿದ್ದಾಗ ತಳ್ಳೋ ಹಂಗಿಲ್ಲ, ಚಕ್ರ ಲಾಕ್ ಮಾಡೇ ಹತ್ತಬೇಕು). ಆ ಬಾಡಿಗೇನ ಎಸ್ಟಿಮೇಟಲ್ಲೇ ಬೇರೆ ಲೈನಾಗಿ ತೋರಿಸಿ, ಮನೆಯವರು ಒಂದ್ಸಲ ಗೊಣಗ್ತಾರೆ, ಆಮೇಲೆ ಕೊಡ್ತಾರೆ.

ಪ್ರಶ್ನೆ: ದಾವಣಗೆರೆಯಲ್ಲಿ ವೈರಿಂಗ್ ಕೆಲಸ ನಂದು. ಅಲ್ಯುಮಿನಿಯಂ ಏಣಿ ಹಗುರ, ಬೈಕಲ್ಲೂ ತಗೊಂಡ್ ಹೋಗ್ಬೋದು. ಫೈಬರ್ ಏಣಿ ರೇಟೂ ಜಾಸ್ತಿ, ತೂಕನೂ ಜಾಸ್ತಿ. ಮೇನ್ ಆಫ್ ಮಾಡ್ಕೊಂಡೇ ಕೆಲಸ ಮಾಡೋದು, ಹಂಗಿದ್ರೂ ಫೈಬರ್ ಬೇಕಾ ಅಣ್ಣ?

ಉತ್ತರ: ಬೇಕು ತಮ್ಮಾ. ಫೈಬರ್ ಅಂದ್ರೆ ಗಾಜಿನ ಎಳೇನ ರೆಸಿನ್ ಅನ್ನೋ ಅಂಟಲ್ಲಿ ಸೇರಿಸಿ ಮಾಡಿದ್ದು, ಅದರಲ್ಲಿ ಅಲ್ಯುಮಿನಿಯಂ ಥರ ಕರೆಂಟ್ ಹರಿಯಲ್ಲ. ಮೇನ್ ಆಫ್ ಮಾಡಿದ್ದು ನೀನು, ಆದ್ರೆ ಕೆಳಗೆ ಯಾರೋ ಟಿವಿ ಬರ್ತಿಲ್ಲ ಅಂತ ಆನ್ ಮಾಡ್ತಾರೆ. ಇನ್ವರ್ಟರ್ ಲೈನು ಬೇರೆ ಇರುತ್ತೆ, ಪಕ್ಕದ ಮನೆಯಿಂದ ಎಳೆದಿರೋ ವೈರೂ ಇರ್ಬೋದು. ಅಲ್ಯುಮಿನಿಯಂ ಮೇಲೆ ನಿಂತು ಲೈವ್ ಮುಟ್ಟಿದ್ರೆ ಕರೆಂಟು ನಿನ್ನ ಮೈಯಿಂದ ಏಣಿಗೆ, ಏಣಿಯಿಂದ ನೆಲಕ್ಕೆ ನೇರ ದಾರಿ ಹಿಡಿಯುತ್ತೆ, ಶಾಕ್ ಸಣ್ಣದಾಗಿದ್ರೂ ಬೆಚ್ಚಿಬಿದ್ದು ಮೇಲಿಂದ ಬೀಳೋದು ಅದಕ್ಕಿಂತ ದೊಡ್ಡ ಪೆಟ್ಟು. ಏಣಿ ಕಾಲಿಗೆ ರಬ್ಬರ್ ಬೂಟ್ ಇದೆಯಲ್ಲ ಅಂತೀರಾ, ಅದಿರೋದು ಜಾರದೇ ಇರ್ಲಿ ಅಂತ, ಕರೆಂಟ್ ತಡೆಯೋಕಲ್ಲ.

ಮನೆ ಹೊರಗಿನ ಕೆಲಸಕ್ಕಂತೂ ಅಲ್ಯುಮಿನಿಯಂ ಮಾತೇ ಬೇಡ. ನಮ್ಮ ಊರುಗಳಲ್ಲಿ ಬಾಲ್ಕನಿ ಪಕ್ಕದಲ್ಲೇ 11 ಕೆವಿ (11,000 ವೋಲ್ಟ್) ಲೈನ್ ಹೋಗಿರುತ್ತೆ, ಏಣಿ ಎತ್ತಿ ನಿಲ್ಲಿಸೋವಾಗ ತುದಿ ಎಲ್ಲಿಗೆ ವಾಲುತ್ತೆ ಅಂತ ಹೇಳೋಕಾಗಲ್ಲ. ಕೊಡಗು, ಚಿಕ್ಕಮಗಳೂರು ಕಡೆ ತೋಟದಲ್ಲಿ ಮೆಣಸು ಕೊಯ್ಯೋ ಅಲ್ಯುಮಿನಿಯಂ ಏಣಿ ಲೈನಿಗೆ ತಾಗಿ ಕೂಲಿಯವರು ಸತ್ತ ಸುದ್ದಿ ಎಷ್ಟು ಸಲ ಓದಿಲ್ಲ ನಾವು. ಅಷ್ಟು ವೋಲ್ಟೇಜಿನ ಹತ್ರ ಫೈಬರ್ ಏಣಿನೂ ನಂಬೋ ಹಂಗಿಲ್ಲ, ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸ್ಕೊಂಡೇ ಕೆಲಸ. ಮರದ್ದೋ ಬಿದಿರಿನದ್ದೋ ಆದ್ರೆ ಪರವಾಗಿಲ್ಲ ಅನ್ನೋರಿಗೂ ಒಂದ್ ಮಾತು, ಒಣಗಿದ್ರೆ ಮಾತ್ರ ಸರಿ, ಅದೂ 11 ಕೆವಿ ಲೈನಿನ ಹತ್ರ ಅಲ್ಲ, ಮಳೇಲಿ ನೆನೆದ ಬಿದಿರು ಕರೆಂಟ್ ಹರಿಸುತ್ತೆ.

ಫೈಬರ್ ತಂದ್ಮೇಲೆ ಬಿಸಿಲಲ್ಲಿ ಟೆರೇಸಿನ ಮೇಲೆ ಬಿಸಾಕ್ಬೇಡ. ಬಿಸಿಲಿಗೆ ಮೇಲಿನ ರೆಸಿನ್ ಪದರ ಸವೆದು ಒಳಗಿನ ಗಾಜಿನ ಎಳೆ ಎದ್ದು ಬರುತ್ತೆ, ಸವರಿದ್ರೆ ಕೈಗೆ ಮುಳ್ಳು ಚುಚ್ಚಿದಂಗಾಗುತ್ತೆ. ಸೀಳು ಬಿಟ್ಟಿದ್ರೆ, ಎಳೆ ಎದ್ದು ಅದರೊಳಗೆ ಸಿಮೆಂಟು, ಎಣ್ಣೆ, ನೀರು ಕೂತಿದ್ರೆ ಕರೆಂಟ್ ಕೆಲಸಕ್ಕೆ ಅದು ನಾಲಾಯಕ್ಕು.

ಪ್ರಶ್ನೆ: ಮೈಸೂರಲ್ಲಿ ನಮ್ಮ ಮನೆ ಕಟ್ಟಿಸ್ತಿದೀವಿ. ಮೇಸ್ತ್ರಿ ತಂದಿರೋ ಬಿದಿರಿನ ಏಣಿ ನೋಡಿದ್ರೇನೇ ಭಯ ಆಗುತ್ತೆ, ಅದಕ್ಕೆ ಮೊಳೆ ಹೊಡೆದು ಬಣ್ಣ ಬೇರೆ ಬಳಿದಿದಾರೆ. ಕೇಳಿದ್ರೆ "ಇಪ್ಪತ್ತು ವರ್ಷದಿಂದ ಇದರಲ್ಲೇ ಹತ್ತಿರೋದಮ್ಮ" ಅಂತಾರೆ. ನಾವೇನ್ ಮಾಡ್ಬೋದು?

ಉತ್ತರ: ಬಿದಿರು ಅಂದ ತಕ್ಷಣ ಕೆಟ್ಟದ್ದಲ್ಲ ಮೇಡಂ, ಚೆನ್ನಾಗಿ ಬಲಿತ ಬಿದಿರಲ್ಲಿ ಸರಿಯಾಗಿ ಮಾಡಿದ ಏಣಿ ಗಟ್ಟಿನೇ. ನಿಮ್ಮದರಲ್ಲಿ ನನಗೆ ಹಿಡಿಸದೇ ಇರೋದು ಆ ಮೊಳೆ ಮತ್ತೆ ಬಣ್ಣ. ಬಿದಿರಿಗೆ ಮೊಳೆ ಹೊಡೆದ್ರೆ ಉದ್ದುದ್ದಕ್ಕೆ ಸೀಳುತ್ತೆ, ಇವತ್ತು ಕೂದಲೆಳೆ ಥರ ಇರೋ ಸೀಳು ಇನ್ನೊಂದು ತಿಂಗಳಲ್ಲಿ ಬೆರಳು ಹೋಗೋಷ್ಟಾಗುತ್ತೆ. ಬಣ್ಣ ಬಳಿದ್ರೆ ಆ ಸೀಳು ಕಣ್ಣಿಗೇ ಕಾಣಲ್ಲ, ಹುಳ ತಿಂದಿದ್ರೂ ಗೊತ್ತಾಗಲ್ಲ. ಅದಕ್ಕೇ ಮರ, ಬಿದಿರಿನ ಏಣಿಗೆ ಪೇಂಟ್ ಹೊಡೀಬಾರ್ದು ಅನ್ನೋದು, ಬೇಕಿದ್ರೆ ಅಗಸೆ ಎಣ್ಣೆ ಇಲ್ಲಾ ಒಳಗೆ ಕಾಣೋ ವಾರ್ನಿಶ್.

ಬೆಳಿಗ್ಗೆ ಕೆಲಸ ಶುರು ಆಗೋ ಮುಂಚೆ ನೀವೇ ಪರೀಕ್ಷೆ ಮಾಡ್ಬೋದು. ಏಣೀನ ನೆಲದ ಮೇಲೆ ಮಲಗಿಸಿ ಎರಡು ತುದಿಗೂ ಒಂದೊಂದು ಇಟ್ಟಿಗೆ ಕೊಡಿ, ಒಂದೊಂದೇ ಮೆಟ್ಲ ಮೇಲೆ ಮೇಸ್ತ್ರಿಗೇ ಕಾಲೂರಿ ನಡೆಯೋಕೆ ಹೇಳಿ. ಕಟಕಟ ಅಂದ್ರೆ, ಮೆಟ್ಲು ತೂತಲ್ಲಿ ತಿರುಗಿದ್ರೆ, ಕಟ್ಟಿರೋ ಹಗ್ಗ ಸಡಿಲ ಆಗಿದ್ರೆ ಅಲ್ಲೇ ಗೊತ್ತಾಗುತ್ತೆ. ಗೆಣ್ಣಿನ ಹತ್ರ ಹಳದಿ ಹಿಟ್ಟು ಉದುರ್ತಿದ್ರೆ ಕುಟ್ಟೆ ಹಿಡಿದಿದೆ, ಆ ಏಣಿ ಒಲೆಗೆ. ಸಿಮೆಂಟ್ ಬಾಂಡ್ಲಿ ತಲೆ ಮೇಲೆ ಹೊತ್ಕೊಂಡು ಏಣಿ ಹತ್ತೋದನ್ನ ನಿಲ್ಸಿ. ಹಗ್ಗ ರಾಟೆ ಕಟ್ಟಿಸಿ, ಮೆಟ್ಟಿಲು ಕಾಸ್ಟಿಂಗ್ ಬೇಗ ಮುಗಿಸ್ಕೊಂಡ್ರಂತೂ ಅರ್ಧ ಓಡಾಟ ಅದರಲ್ಲೇ ಆಗಿಹೋಗುತ್ತೆ.

ಜೊತೆಗೆ ಇನ್ನೊಂದು, ನಿಮ್ಮ ಕೆಲಸಗಾರರಿಗೆ ಲೇಬರ್ ಕಾರ್ಡ್ ಇದೆಯಾ ಕೇಳಿ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳೀಲಿ 18ರಿಂದ 60 ವಯಸ್ಸಿನೊಳಗಿರೋರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರೋರು ನೋಂದಣಿ ಮಾಡಿಸ್ಬೋದು, ಅಪಘಾತ ಆದ್ರೆ ಸಹಾಯಧನ ಬರುತ್ತೆ. 90 ದಿನದ ಸರ್ಟಿಫಿಕೇಟ್ ಕೊಡೋರಿಲ್ದೇ ಎಷ್ಟೋ ಜನ ಹಂಗೇ ಉಳಿದಿದಾರೆ.

ಪ್ರಶ್ನೆ: ಗೋಡೆಗೆ ಒರಗಿಸೋ ಏಣಿ ಎಷ್ಟು ಓರೆ ಇರ್ಬೇಕು? ನಮ್ಮನೇಲಿ ಪೂರ್ತಿ ವಿಟ್ರಿಫೈಡ್ ಟೈಲ್ಸು, ಪ್ಲಂಬರ್ ಏಣಿ ಹಾಕಿದ್ರೆ ಜಾರುತ್ತೆ. ಕೆಳಗೊಬ್ರು ಹಿಡ್ಕೊಂಡ್ರೆ ಸಾಕಾ? (ತುಮಕೂರು)

ಉತ್ತರ: ನಾಲ್ಕಕ್ಕೆ ಒಂದು. ತುದಿ 10 ಅಡಿ ಮೇಲೆ ಒರಗಿದ್ರೆ ಬುಡ ಗೋಡೆಯಿಂದ ಎರಡೂವರೆ ಅಡಿ ದೂರ. ಟೇಪ್ ಇಲ್ದಿದ್ರೆ ಏಣಿ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದಕ್ಕೆ ಚಾಚಿ, ಭುಜದ ಮಟ್ಟದ ಮೆಟ್ಲು ಅಂಗೈಗೆ ಸಿಕ್ರೆ ಸರಿ ಇದೆ ಅಂತ. ಬುಡ ಜಾಸ್ತಿ ಆಚೆ ಹೋದ್ರೆ ಕೆಳಗೆ ಜಾರುತ್ತೆ, ಗೋಡೆಗೆ ಅಂಟಿಸಿಟ್ರೆ ಆಳು ಹಿಂದಕ್ಕೆ ಮಗುಚ್ತಾನೆ. ಟೆರೇಸಿಗೆ ಹತ್ತಿ ಇಳಿಯೋದಾದ್ರೆ ಏಣಿ ತುದಿ ಅಂಚಿಗಿಂತ ಮೂರಡಿ ಮೇಲಿರ್ಬೇಕು, ಹಿಡ್ಕೊಂಡು ಕಾಲು ದಾಟಿಸೋಕೆ. ಅಂದ್ರೆ 10 ಅಡಿ ಎತ್ತರದ ಸ್ಲ್ಯಾಬಿಗೆ 14 ಅಡಿ ಏಣಿ, ಸುಮಾರು ಜನ 10ಕ್ಕೆ 10 ಅಂತಲೇ ತಂದಿರ್ತಾರೆ.

ಟೈಲ್ಸ್ ಮೇಲೆ ಗೋಣಿಚೀಲ ಹಾಕೋ ಅಭ್ಯಾಸ ಇದೆಯಲ್ಲ, ಅದು ಏಣಿ ಜೊತೆಗೆ ತಾನೂ ಜಾರುತ್ತೆ. ಧೂಳು ಒರೆಸಿ, ಸವೆದ ರಬ್ಬರ್ ಬೂಟು ಬದಲಾಯಿಸಿ, ತುದೀನ ಕಿಟಕಿ ಕಂಬಿಗೋ ಎಲ್ಲಿಗಾದ್ರೂ ಗಟ್ಟಿ ಜಾಗಕ್ಕೆ ಕಟ್ಟಿ. ಒಬ್ರು ಕೆಳಗೆ ಹಿಡ್ಕೊಳ್ಳೋದು ಏನೂ ಇಲ್ಲದಕ್ಕಿಂತ ಮೇಲು ಅಷ್ಟೇ, ಬುಡ ಸ್ವಲ್ಪ ತಡೀಬೋದು, ತುದಿ ಪಕ್ಕಕ್ಕೆ ಜಾರಿದ್ರೆ ಅವರಿಂದ ಏನೂ ಆಗಲ್ಲ, ಅದರ ಮೇಲೆ ಫೋನ್ ಬಂದ್ರೆ ಬಿಟ್ಟೇ ಹೋಗ್ತಾರೆ. ಮನೆ ಒಳಗಿನ ಪ್ಲಂಬಿಂಗಿಗೆ ಎ ಟೈಪ್ ತರೋಕೆ ಹೇಳಿ, ಜಗಳನೇ ಇರಲ್ಲ. ಅದನ್ನೂ ಮಡಚಿ ಗೋಡೆಗೆ ಒರಗಿಸಿ ಹತ್ತೋರಿದಾರೆ, ಹಂಗ್ ಮಾಡೋಕೆ ಬಿಡ್ಬೇಡಿ.

ಪ್ರಶ್ನೆ: ಗುಜರಿ ಅಂಗಡೀಲಿ 20 ಅಡಿ ಅಲ್ಯುಮಿನಿಯಂ ಏಣಿ ಅರ್ಧ ರೇಟಿಗೆ ಸಿಗ್ತಿದೆ, ಒಂದು ಕಡೆ ಕಂಬ ಬಿರುಕು ಬಿಟ್ಟಿದ್ದನ್ನ ವೆಲ್ಡಿಂಗ್ ಮಾಡ್ಸಿದಾರೆ. ತಗೋಬೋದಾ? (ಹುಬ್ಬಳ್ಳಿ)

ಉತ್ತರ: ಬ್ಯಾಡ್ರೀ. ಏಣಿಗೆ ಹಾಕೋ ಅಲ್ಯುಮಿನಿಯಂಗೆ ಗಟ್ಟಿತನ ಬರೋದೇ ಕಾರ್ಖಾನೇಲಿ ಅಳತೆ ಪ್ರಕಾರ ಕಾಸಿ ಹದ ಮಾಡೋದ್ರಿಂದ, ವೆಲ್ಡಿಂಗ್ ಬಿಸಿಗೆ ಆ ಹದ ಹೋಗಿ ಬೆಸುಗೆ ಅಕ್ಕಪಕ್ಕದ ಭಾಗ ಮೆತ್ತಗಾಗಿರುತ್ತೆ. ಬೆಸುಗೆ ಗಟ್ಟಿ ಕಾಣುತ್ತೆ, ಮುರಿಯೋದು ಅದರ ಪಕ್ಕದಲ್ಲಿ. ಗುಜರಿಗೆ ಬಂದಿದ್ದು ಗುಜರೀಲೇ ಇರ್ಲಿ.

ಪ್ರಶ್ನೆ: ನಾನು ಎಸಿ ಫಿಟ್ಟಿಂಗ್ ಮಾಡೋನು, ಬೆಂಗಳೂರು. ದಿನಾ ಮೂರ್ನಾಲ್ಕು ಏರಿಯಾ ಸುತ್ಬೇಕು, ಫ್ರೆಂಡು ಹಿಂದೆ ಕೂತು ಏಣಿ ಹೆಗಲ ಮೇಲೆ ಹಿಡ್ಕೊಂಡು ಬರ್ತಾನೆ. ಟೆಲಿಸ್ಕೋಪಿಕ್ ಒಳ್ಳೇದಾ, ಮಡಚೋದು ಒಳ್ಳೇದಾ?

ಉತ್ತರ: ಮೊದಲು ಆ ಹೆಗಲ ಮೇಲಿನ ಏಣಿ ಸವಾರಿ ಬಿಡಿ, ಸಿಗ್ನಲ್ಲಲ್ಲಿ ನೀವು ತಿರುಗಿದ್ರೆ ಏಣಿ ಪಕ್ಕದವನ ಹೆಲ್ಮೆಟ್ಟಿಗೆ ಬಡಿಯುತ್ತೆ. ಟೆಲಿಸ್ಕೋಪಿಕ್ ಏಣಿ ಒಂದು ಕೊಳವೆಯೊಳಗೆ ಇನ್ನೊಂದು ಸೇರ್ಕೊಂಡು ಚಿಕ್ಕದಾಗಿ ಮುದುರುತ್ತೆ ನಿಜ, ಆದ್ರೆ ಪ್ರತಿ ಮೆಟ್ಲಿಗೂ ಒಂದೊಂದು ಲಾಕು, ಗೋಡೆ ಕೊರೆದ ಧೂಳು, ಮರಳು ಅದರೊಳಗೆ ಹೋಗಿ ಲಾಕ್ ಪೂರ್ತಿ ಕೂರದೇ ಇರೋದು ಮಾಮೂಲಿ. ನಿಮ್ಮ ಕೆಲಸ ಪೂರ್ತಿ ಡ್ರಿಲ್ಲಿಂಗೇ. ತಗೊಂಡ್ರೆ ದಿನಾ ಒರೆಸಿ, ಹತ್ತೋ ಮುಂಚೆ ಒಂದೊಂದೇ ಲಾಕ್ ನೋಡ್ತೀನಿ ಅನ್ನೋ ತಾಳ್ಮೆ ಇರ್ಬೇಕು.

ನಿಮಗೆ ನಾಲ್ಕು ಮಡಿಕೆಯ, ಮಡಿಕೆಗೆ ಮೂರು ಮೆಟ್ಲಿನ ಏಣಿ ಸರಿಹೋಗುತ್ತೆ. ಮಡಚಿದ್ರೆ ಮೂರಡಿ ಚಿಲ್ಲರೆ, ಆಟೋ ಹಿಂದೆ ಹಿಡಿಯುತ್ತೆ, ಬಿಚ್ಚಿದ್ರೆ 11 ಅಡಿ ಆಸುಪಾಸು, ಎ ಥರನೂ ನಿಲ್ಲುತ್ತೆ. ಕೀಲು ಟಕ್ ಅಂತ ಕೂತ ಶಬ್ದ ಎರಡೂ ಕಡೆ ಬರ್ಬೇಕು, ಬರೀ ಒಂದು ಕಡೆ ಬಂದ್ರೆ ಹತ್ಬೇಡಿ. ಔಟ್‌ಡೋರ್ ಯೂನಿಟ್ ಮಾತ್ರ ಏಣಿ ಮೇಲೆ ಹೊತ್ಕೊಂಡು ಹೋಗೋ ಸಾಮಾನಲ್ಲ, ಒಂದೂವರೆ ಟನ್ನಿನದ್ದು 25 ಕೆಜಿ ಮೇಲೇ ಇರುತ್ತೆ. ಎರಡನೇ ಫ್ಲೋರಿನ ಹೊರಗೋಡೆಗೆ ಬ್ರಾಕೆಟ್ ಹಾಕಿ ಅಂತ ಕಸ್ಟಮರ್ ಹಠ ಹಿಡಿದ್ರೆ ಬಾಲ್ಕನೀಲಿ ಇಲ್ಲಾ ಟೆರೇಸಲ್ಲಿ ಜಾಗ ತೋರ್ಸಿ, ಪೈಪ್ ನಾಲ್ಕಡಿ ಜಾಸ್ತಿ ಆಗುತ್ತೆ ಅಷ್ಟೇ, ಸರ್ವಿಸ್‌ಗೆ ಬರೋ ಮುಂದಿನವನಿಗೂ ಕೈಗೆ ಸಿಗುತ್ತೆ.