ಸಂಪತ್ತಿನ ತೆರಿಗೆ ಬಗ್ಗೆ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ವಿಷಯ ದೊಡ್ಡದು, ನಿಮಗೆ ಕಾಳಜಿಯೂ ಇದೆ.

ಬಡತನ ಹೆಚ್ಚುತ್ತಿದೆ, ಆದಾಯ ತೆರಿಗೆ ತೆಗೆದು ಸಂಪತ್ತಿನ ಮೇಲೆ ತೆರಿಗೆ ಹಾಕಿದರೆ ಬಡವರ ಹೊರೆ ಇಳಿಯುತ್ತದೆ ಅಂತ ಬರೆದಿದ್ದೀರಿ. ತೊಡಕು ಬುಡದಲ್ಲೇ ಇದೆ. ನೀವು ಉದಾಹರಣೆ ಕೊಟ್ಟ ಮನೆಗೆಲಸದ ಹೆಂಗಸು ಆದಾಯ ತೆರಿಗೆ ಕಟ್ಟುವುದೇ ಇಲ್ಲ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ಸಂಬಳ ಇದ್ದವರೂ ಕಟ್ಟಬೇಕಿಲ್ಲ. ಆಕೆ ತೆರಿಗೆ ಕಟ್ಟುವುದು ಕಿರಾಣಿ ಅಂಗಡಿಯಲ್ಲಿ. ಮೈಸೋಪಿಗೆ 2025ರ ಸೆಪ್ಟೆಂಬರ್‌ವರೆಗೆ ಶೇ 18 ಜಿಎಸ್‌ಟಿ ಇತ್ತು, ಈಗ ಶೇ 5. ಎಂಆರ್‌ಪಿಯೊಳಗೇ ಸೇರಿಹೋಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆಕೆ ಪಾತ್ರೆ ತೊಳೆಯುವ ಮನೆಯ ಯಜಮಾನರೂ ಅದೇ ಸೋಪಿಗೆ ಅಷ್ಟೇ ಕಟ್ಟುತ್ತಾರೆ. ಅನ್ಯಾಯ ಇರುವುದು ಇಲ್ಲಿ ಅಲ್ವಾ? ನಿಮ್ಮ ಲೇಖನದಲ್ಲಿ ಜಿಎಸ್‌ಟಿ ಮಾತೇ ಬಂದಿಲ್ಲ.

‘ಬಡತನ ಹೆಚ್ಚುತ್ತಿದೆ’ ಅಂತ ಸುಮ್ನೆ ಬರೆದರೆ ಸಾಲದು. ಸರ್ಕಾರದ ಲೆಕ್ಕ ಬಡತನ ಇಳಿದಿದೆ ಅನ್ನುತ್ತದೆ. ಆದರೆ ಬಡತನ ಅಳೆಯಲು ಬಳಸುವ ಬಳಕೆ ವೆಚ್ಚ ಸಮೀಕ್ಷೆಯ 2017-18ರ ವರದಿಯನ್ನು ಅದೇ ಸರ್ಕಾರ ಬಿಡುಗಡೆ ಮಾಡಲಿಲ್ಲ. ನೀವು ಯಾವ ಅಳತೆ ಹಿಡಿದಿದ್ದೀರಿ, ಹೇಳಿ.

ಇನ್ನೊಂದು ದೊಡ್ಡ ಕೊರತೆ. ಭಾರತದಲ್ಲಿ ಸಂಪತ್ತಿನ ತೆರಿಗೆ ಇತ್ತು ಅನ್ನುವುದನ್ನೇ ನೀವು ಬರೆದಿಲ್ಲ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ ಸಲಹೆಯಂತೆ 1957ರಲ್ಲಿ ಬಂತು. 1993ರಲ್ಲಿ ಷೇರು, ಬ್ಯಾಂಕ್ ಠೇವಣಿಗಳನ್ನು ಅದರಿಂದ ಹೊರಗಿಟ್ಟರು. ಉಳಿದದ್ದು ಚಿನ್ನ, ಕಾರು, ನಗರದ ನಿವೇಶನ, ಹೀಗೆ. ಲಾಕರಿನಲ್ಲಿ ಮುಚ್ಚಿಡಬಹುದಾದ ಒಡವೆಗೆ ತೆರಿಗೆ, ದಾಖಲೆಯಲ್ಲಿ ಎದ್ದು ಕಾಣುವ ಷೇರಿಗೆ ಇಲ್ಲ! ಹಾಗಾಗಿ 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ ರೂಪಾಯಿ ಮಾತ್ರ. ವಸೂಲಿ ಖರ್ಚು ಜಾಸ್ತಿ, ಹುಟ್ಟುವಳಿ ಕಡಿಮೆ ಅಂತ 2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅದನ್ನು ತೆಗೆದರು. ಬದಲಿಗೆ ಕೋಟಿ ದಾಟಿದ ಆದಾಯಕ್ಕೆ ಶೇ 2ರಷ್ಟು ಹೆಚ್ಚುವರಿ ಸರ್ಚಾರ್ಜ್, ಅಂದರೆ ಕಟ್ಟುವ ತೆರಿಗೆಯ ಮೇಲೆ ಇನ್ನಷ್ಟು ತೆರಿಗೆ, ಹಾಕಿದರು. ಅಂದರೆ ನೀವು ಕೇಳುತ್ತಿರುವುದಕ್ಕೆ ಪೂರ್ತಿ ಉಲ್ಟಾ. ಸಂಪತ್ತಿನ ತೆರಿಗೆ ಸೋತಿತು ಅನ್ನುವವರಿಗೆ, ದೊಡ್ಡ ದುಡ್ಡನ್ನು ಮುಟ್ಟಲೇ ಇಲ್ಲವಲ್ಲ ಅಂತ ನೀವು ಉತ್ತರ ಕೊಡಬಹುದು. ನನ್ನ ಮಟ್ಟಿಗೆ ನಿಮ್ಮ ಲೇಖನದ ಜೀವ ಇಲ್ಲೇ ಇದೆ.

ಮನೆ ಕಂದಾಯವನ್ನೂ ತನ್ನಿ. 30X40 ಸೈಟಿನಲ್ಲಿ ಮನೆ ಕಟ್ಟಿದವರು ಸಂಬಳ ಇರಲಿ ಬಿಡಲಿ, ವರ್ಷಾ ವರ್ಷಾ ಕಟ್ಟುತ್ತಾರೆ. ಅದು ಆಸ್ತಿಯ ಮೇಲಿನ ತೆರಿಗೆಯೇ. ಕೋಟಿಗಟ್ಟಲೆ ಷೇರು ಇಟ್ಟುಕೊಂಡವರು, ಇಟ್ಟುಕೊಂಡದ್ದಕ್ಕೆ ಅಂತ ಏನೂ ಕಟ್ಟುವುದಿಲ್ಲ.

ಎದುರಿನ ಪ್ರಶ್ನೆಗೂ ಉತ್ತರ ಬೇಕು. ಬೆಂಗಳೂರಲ್ಲಿ ಹಳೇ ಮನೆ, ಕೈಗೆ ಬರುವುದು ಪಿಂಚಣಿ ಮಾತ್ರ, ಜಾಗದ ಬೆಲೆ ಕೋಟಿ ದಾಟಿದೆ. ಅಂಥವರು ಸಂಪತ್ತಿನ ತೆರಿಗೆಗೆ ದುಡ್ಡು ಎಲ್ಲಿಂದ ತರಬೇಕು? ತೆರಿಗೆ ಶುರುವಾಗುವ ಮಿತಿ ಎಷ್ಟಿರಬೇಕು ಅಂತ ಧೈರ್ಯವಾಗಿ ಒಂದು ಅಂಕಿ ಬರೆಯಿರಿ.

ಕೊನೆಯ ಎರಡು ಪುಟದ ಘೋಷಣೆ ತೆಗೆದುಬಿಡಿ. ಆ ಜಾಗದಲ್ಲಿ ಆ ಹೆಂಗಸಿನ ಒಂದು ತಿಂಗಳ ಸಾಮಾನಿನ ಚೀಟಿ ಇರಲಿ. ಆಕೆಯನ್ನೇ ಕೇಳಿ ಬರೆದುಕೊಳ್ಳಿ. ಸಾವಿರ ಪದದೊಳಗೆ ಮುಗಿಸಿ ಕಳಿಸಿ, ನಾನೇ ಓದುತ್ತೇನೆ.