ಬಂದದ್ದನ್ನೆಲ್ಲ ಅಚ್ಚು ಹಾಕಬೇಕೇ?

‘ನಮ್ಮ ಕನ್ನಡ ಸಂಘದಿಂದ ಎರಡು ತಿಂಗಳಿಗೊಮ್ಮೆ 16 ಪುಟದ ಸಾಹಿತ್ಯ ಪತ್ರಿಕೆ ತರುತ್ತೇವೆ. ವಾಪಸು ಕೊಟ್ಟರೆ ಬರೆಯುವವರು ಬೇಸರಪಟ್ಟು ಬಿಟ್ಟೇಬಿಡುತ್ತಾರೆ, ಬಂದದ್ದನ್ನೆಲ್ಲ ಹಾಕಿ ಎನ್ನುತ್ತಾರೆ ಅಧ್ಯಾಪಕರು. ಹಾಗೆ ಹಾಕಿದರೆ ಓದುವವರೇ ಇಲ್ಲ. ಏನು ಮಾಡಲಿ?’
– ವಿದ್ಯಾರ್ಥಿ ಸಂಪಾದಕಿ, ಉಡುಪಿ

ಹೊಸಬರಿಗೆ ಪ್ರೋತ್ಸಾಹ ಬೇಕು, ಒಪ್ಪಿದೆ. ತನ್ನ ಹೆಸರನ್ನು ಅಚ್ಚಿನಲ್ಲಿ ಕಾಣುವ ಖುಷಿ ಸಣ್ಣದಲ್ಲ. ಆದರೆ ತಿದ್ದದೆ ಅಚ್ಚು ಹಾಕುವ ಪ್ರೋತ್ಸಾಹದಲ್ಲಿ ಮುಕ್ಕಾಲು ಪಾಲು ಸಂಪಾದಕರ ಸೋಮಾರಿತನ. ನೀವು ತಾಳಮದ್ದಳೆಯ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ನಾಡಿನವರು. ಎದುರು ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿ ಒಂದು ಮಾತನ್ನಾದರೂ ಹಿಡಿದು ಪ್ರಶ್ನಿಸದಿದ್ದರೆ ಎಂಥ ಕೃಷ್ಣನ ಅರ್ಥವೂ ಸಪ್ಪೆಯೇ.

ವಾಪಸು ಬಂತೆಂದು ಬರೆಯುವುದನ್ನು ಬಿಡುವವರು ಕಡಿಮೆ. ಕಾರಣ ಹೇಳದೆ, ತಿಂಗಳುಗಟ್ಟಲೆ ಕಾಯಿಸಿ ಕೊಟ್ಟರೆ ಬಿಡುತ್ತಾರೆ. ಹತ್ತು ದಿನದೊಳಗೆ ಉತ್ತರ ಹೋಗಲಿ. ಹೆಸರು ಮುಚ್ಚಿ ಇಬ್ಬರು ಓದಿ. ಹೆಸರು ಕಂಡರೆ ಸೀನಿಯರ್ ಎಂದೋ ಗೆಳತಿ ಎಂದೋ ಪೆನ್ನು ಹಿಂಜರಿಯುತ್ತದೆ. ಚೆನ್ನಾಗಿರುವ ಒಂದು ಸಾಲಿನ ಕೆಳಗೆ ಗೆರೆ, ಮಾರ್ಜಿನ್ನಿನಲ್ಲಿ ಎರಡು ಪ್ರಶ್ನೆ, ಅಷ್ಟು ಸಾಕು. ‘ಭಾವ ಸಾಲದು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಈ ಮಳೆ ಕಡಲಂಚಿನ ಮಲ್ಪೆಯದೋ ಒಳನಾಡಿನ ಕಾರ್ಕಳದ್ದೋ?’ ಎಂದು ಕೇಳಿ. ಜೂನ್ ಬಂತೆಂದರೆ ಕರಾವಳಿಯ ಕಾಲೇಜುಗಳಲ್ಲಿ ಹನಿಗೆ ದನಿ, ಒಲವಿಗೆ ನಲಿವು ಸೇರಿಸಿದ ಕವಿತೆಗಳ ಪ್ರವಾಹ. ಮೀನುಗಾರಿಕೆ ನಿಷೇಧದ ಆ ಎರಡು ತಿಂಗಳು ಬಂದರಿನಲ್ಲಿ ಸಾಲಾಗಿ ಕಟ್ಟಿಹಾಕಿದ ಬೋಟುಗಳು ಅವುಗಳಲ್ಲಿ ಕಾಣುವುದೇ ಅಪರೂಪ. ಮಂಜೇಶ್ವರದ ಕವಿ ಗೋವಿಂದ ಪೈಗಳು, ಸಾಲು ಸಾಲಿನ ಎರಡನೆಯ ವ್ಯಂಜನ ಒಂದೇ ಇರಬೇಕೆಂಬ ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲೇ ಕೈಬಿಟ್ಟರು. ನಮ್ಮ ಹುಡುಗರು ಅಂತ್ಯಪ್ರಾಸವನ್ನು ಇನ್ನೂ ಬಿಡಲೊಲ್ಲರು!

ತಿದ್ದುವ ಉತ್ಸಾಹದಲ್ಲಿ ಇನ್ನೊಂದು ಅನಾಹುತವೂ ಆಗುತ್ತದೆ. ಕತೆಯ ಕುಂದಾಪುರದ ಅಜ್ಜಿ ‘ಹೋಯ್ಕ್’ ಅಂದರೆ ಅದನ್ನು ‘ಹೋಗಬೇಕು’ ಮಾಡಬೇಡಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳು ಕತೆಗೆ ಕೂತ ಕೂಡಲೇ ಪಠ್ಯಪುಸ್ತಕದ ಕನ್ನಡ ತೊಡುತ್ತಾರೆ. ಆ ಅಂಗಿ ಬಿಚ್ಚಿಸುವುದೂ ನಿಮ್ಮ ಕೆಲಸವೇ.

ಕದ್ದ ಕವಿತೆ ಬಾರದೆ ಇರುವುದಿಲ್ಲ. ಅನುಮಾನ ಬಂದ ಸಾಲಿನ ಆರೇಳು ಪದಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ. ಸಿಗದಿದ್ದರೆ ಮೊದಲ ಕರಡು ಕೇಳಿ. ಬರೆದವರ ಬಳಿ ಹೊಡೆದುಹಾಕಿದ ಸಾಲುಗಳಿರುತ್ತವೆ.

ಪುಟದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ನಾಲ್ಕು ಎ4 ಹಾಳೆ ಮಡಚಿ ನಡುವೆ ಪಿನ್ನು ಹೊಡೆದರೆ 16 ಪುಟ. 17 ಆದರೆ ಇನ್ನೊಂದು ಹಾಳೆ ಬೇಕು, ಮೂರು ಪುಟ ಖಾಲಿ. 12 ಪಾಯಿಂಟಿನಲ್ಲಿ ಪುಟಕ್ಕೆ ಸುಮಾರು 200 ಪದ ಹಿಡಿಯುತ್ತದೆ, ಅಂದರೆ ಸಾವಿರ ಪದದ ಕತೆಗೆ ಐದು ಪುಟ ಹೋಯಿತು. ಕತೆಗೆ 800 ಪದದ ಮಿತಿ ಹಾಕಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬಂದದ್ದನ್ನು ಯುನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಹಾಗಾಗಿ ನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿ ಕೂತಿರುತ್ತವೆ. ಕರಡಚ್ಚನ್ನು ಪರದೆಯಲ್ಲಿ ಅಲ್ಲ, ಕಾಗದದಲ್ಲಿ, ಬರೆದವರಲ್ಲದ ಇನ್ನೊಬ್ಬರು ಗಟ್ಟಿಯಾಗಿ ಓದಲಿ.

1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ನಿಮ್ಮ ಪಕ್ಕದ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದಾಗ ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಿನ ಮೇಲಿನ ಬರಹವನ್ನು ತಿದ್ದುವುದು ಸುಲಭದ ಮಾತಲ್ಲ. ಇಂದು ಬೆರಳ ತುದಿಯಲ್ಲಿ ತಿದ್ದಬಹುದು, ಆದರೂ ಎಷ್ಟೋ ಕಾಲೇಜುಗಳ ವಾರ್ಷಿಕ ಸಂಚಿಕೆ ಬಿಡಿಸಿದರೆ ಮೊದಲು ಶುಭಸಂದೇಶ, ಆಮೇಲೆ ಹಾರ ಹಾಕಿದ ಫೋಟೋ, ಕೊನೆಗೆ ಯಾರೂ ತಿದ್ದದ ಕವಿತೆ. ಕವಿಗೋಷ್ಠಿಯಲ್ಲಿ ಪ್ರಮಾಣಪತ್ರ ಮೊದಲೇ ಅಚ್ಚಾಗಿರುತ್ತದೆ, ಕವಿತೆ ಅಲ್ಲೇ ಕುರ್ಚಿಯಲ್ಲಿ ಕೂತು ಬರೆದದ್ದು. ಅದಕ್ಕೂ ಅಂಕ ಕೊಡುತ್ತಾರಂತೆ.

ಮುಂದಿನ ಸಂಚಿಕೆಗೆ ಆರೇ ಕವಿತೆ ಆರಿಸಿ, ಉಳಿದವನ್ನು ಪ್ರಶ್ನೆಗಳ ಸಮೇತ ಹಿಂದಿರುಗಿಸಿ. ತಿದ್ದಿ ತಂದವರಿಗೆ ಅದರ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸಿ. ಪ್ರಾಂಶುಪಾಲರ ಸಂದೇಶ ಬಂದರೆ 50 ಪದ, ಹೆಚ್ಚಿಲ್ಲ.